ಶೇಂಗಾ ಹೊಲದಲ್ಲಿ ಕಲಿತ ಗಾಲ್ಫ್, ಮರಗಳ ನಡುವೆ ಆಡಿದ ಗಾಲ್ಫ್

ಚಿತ್ರದುರ್ಗದಲ್ಲಿ ಹನಿ ನೀರಾವರಿ ಸಾಮಾನುಗಳ ಅಂಗಡಿ ಇಟ್ಟುಕೊಂಡಿರುವ ನಾನು ಗಾಲ್ಫ್ ಆಡುತ್ತೇನೆ ಎಂದು ತಿಳಿದವರು ಮೊದಲು ಕೇಳುವುದು, ಇಲ್ಲೆಲ್ಲಿ ಆಡುತ್ತೀರಿ ಎಂದೇ. ಅಕ್ಕನ ಮನೆಯವರ ಶೇಂಗಾ ಹೊಲದಲ್ಲಿ ಎಂಬುದು ನನ್ನ ಉತ್ತರ. ಉದ್ದಕ್ಕೆ ಚಾಚಿಕೊಂಡಿರುವ ಆ 6 ಎಕರೆಯಲ್ಲಿ ಕಾಯಿ ಕಿತ್ತು, ಬಳ್ಳಿಯನ್ನು ಬಣವೆ ಒಟ್ಟಿದ ಮೇಲೆ, ಮುಂಗಾರಿನ ಬಿತ್ತನೆಯವರೆಗೂ ನನಗೆ ಯಾರ ಅಡ್ಡಿಯೂ ಇಲ್ಲ. ಬದುವಿನ ಬಳಿ ತೆಂಗಿನ ನಾರಿನ ಹಾಸೊಂದನ್ನು ಹಾಕಿಕೊಂಡು, ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಕಡೆಗೆ ಮುಖ ಮಾಡಿ, 9 ವರ್ಷಗಳಿಂದ ವಾರಕ್ಕೆ ಎರಡು ಸಂಜೆಯಂತೆ ಹೊಡೆಯುತ್ತ ಬಂದಿದ್ದೇನೆ. ಆಟದ ಮೊದಲ ಪಾಠ ಹೇಳಿಕೊಟ್ಟವನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ನನ್ನ ಜೊತೆಗಿದ್ದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಗೆಳೆಯ. ಹುಬ್ಬಳ್ಳಿ ಮತ್ತು ಬೆಂಗಳೂರಿನ ಚಿಕ್ಕ ಮೈದಾನಗಳಲ್ಲಿ ಆಗಾಗ ಆಡಿ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೆಚ್ಚುವರಿ ಹೊಡೆತಗಳ ರಿಯಾಯಿತಿ) 24ಕ್ಕೆ ಬಂದಿದ್ದರೂ, ಮರಗಳು ದಟ್ಟವಾಗಿ ಬೆಳೆದ, ಹುಲ್ಲು ಮೆತ್ತಗಿರುವ, ಪಾರ್ಕ್‌ಲ್ಯಾಂಡ್ ಎಂದು ಕರೆಯುವ ಬಗೆಯ ಪೂರ್ಣ 18 ಕುಳಿಗಳ ಮೈದಾನದಲ್ಲಿ ನಾನು ಆಡಿದ್ದು ಹೋದ ಕಾರ್ತೀಕದಲ್ಲಿ, ಅದೇ ಗೆಳೆಯನ ಅತಿಥಿಯಾಗಿ. ಅಲ್ಲಿ ಆದದ್ದನ್ನು, ನಮ್ಮಂಥ ಬಯಲುಸೀಮೆಯವರು ಮುಂದೆ ಅಂಥ ಮೈದಾನಕ್ಕೆ ಹೋಗುವುದಾದರೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನನ್ನ ಹೊಲದ ನೆಲದ ಗುಣವನ್ನು ಮೊದಲು ಹೇಳಬೇಕು, ಏಕೆಂದರೆ ಆ ದಿನ ನಾನು ಮಾಡಿದ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ಅದು ಹರಳು ಬೆರೆತ ಕೆಂಪು ನೆಲ. ಫಸಲು ತೆಗೆದು ಒಂದು ತಿಂಗಳಾಗುವಷ್ಟರಲ್ಲಿ ಕಣದ ಹಾಗೆ ಗಟ್ಟಿಯಾಗುತ್ತದೆ. ಮರವೆಂದರೆ ಮೂಲೆಯಲ್ಲಿರುವ ಒಂದು ಬೇವು ಮಾತ್ರ. ಬೇಸಿಗೆಯ ಕೊನೆಗೆ ಪಡುವಣ ಗಾಳಿ ಎದ್ದರೆ, ಎತ್ತರಕ್ಕೆ ಹೊಡೆದ ಚೆಂಡು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು ಹೊಡೆದವನಿಗೂ ತಿಳಿಯದು. ಹೀಗಾಗಿ ಚೆಂಡನ್ನು ತಗ್ಗಿನಲ್ಲೇ ಕಳಿಸಿ, ಮುಂದಿನದನ್ನು ನೆಲಕ್ಕೆ ಬಿಡುವುದು ನನಗೆ ರೂಢಿಯಾಯಿತು. ಎಲ್ಲಕ್ಕಿಂತ ದೂರ ಹೊಡೆಯುವ ಕೋಲಾದ ಡ್ರೈವರ್‌ನಿಂದ 210 ಗಜ ಹೊಡೆಯುತ್ತೇನೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅಂಗಡಿಯಲ್ಲಿ ಪೈಪ್ ಅಳೆಯುವ ಟೇಪಿನಿಂದಲೇ ಅಳೆದ ದೂರ ಅದು, ಸುಳ್ಳಲ್ಲ. ಆದರೆ ನಾನು ಅಳೆದದ್ದು ಚೆಂಡು ನಿಂತ ಜಾಗವನ್ನು, ಬಿದ್ದ ಜಾಗವನ್ನಲ್ಲ.

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯ ಮರಳು ದಿಬ್ಬಗಳ ಮೇಲೆ. ಲಿಂಕ್ಸ್ ಎಂದು ಕರೆಯುವ ಅಂಥ ಮೈದಾನಗಳಲ್ಲಿ ಮರಗಳಿರುವುದೇ ಅಪರೂಪ, ನೆಲ ಗಟ್ಟಿ, ಗಾಳಿ ಜೋರು. ಆಟವು ಒಳನಾಡಿಗೆ ಬಂದ ಮೇಲೆ ಜೇಡಿಮಣ್ಣಿನ, ಮರಗಳಿಂದ ತುಂಬಿದ ತೋಟ-ಉದ್ಯಾನಗಳಂಥ ಜಾಗಗಳಲ್ಲಿ ಕಟ್ಟಿದವೇ ಪಾರ್ಕ್‌ಲ್ಯಾಂಡ್ ಮೈದಾನಗಳು. ಇವುಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಅಮೆರಿಕದ ಜಾರ್ಜಿಯಾದಲ್ಲಿರುವ ಆಗಸ್ಟಾ ನ್ಯಾಷನಲ್. ಬಾಬಿ ಜೋನ್ಸ್ ಮತ್ತು ಅಲಿಸ್ಟರ್ ಮೆಕೆಂಜಿ ಸೇರಿ ರೂಪಿಸಿ 1933ರಲ್ಲಿ ತೆರೆದ ಆ ಮೈದಾನ ಮೊದಲು ಸಸಿಗಳನ್ನು ಬೆಳೆಸುವ ನರ್ಸರಿಯಾಗಿತ್ತು, ಅದರ 18 ಕುಳಿಗಳಿಗೂ ಇಂದಿಗೂ ಗಿಡಮರಗಳ ಹೆಸರುಗಳೇ ಇವೆ. ನರ್ಸರಿಗಳಿಗೆ ಪೈಪ್ ಹಾಕಿಕೊಡುವ ಕಸುಬಿನವನಾದ ನನಗೆ ಈ ಸಂಗತಿ ಬಹಳ ಹಿಡಿಸಿತ್ತು. ಆದರೆ ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಕುಳಿತು ನಾನು ಇಷ್ಟು ವರ್ಷ ಕಲಿತದ್ದು ಕಡಲ ದಂಡೆಯ ಆಟವನ್ನು ಎಂಬುದು ಹೊಳೆದದ್ದು ಮಾತ್ರ ಮರಗಳ ನಡುವೆ ನಿಂತ ಆ ದಿನವೇ.

ಹೋಗುವ ಮೊದಲಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅತಿಥಿಯಾಗಿ ಹೋಗುವವರು ಸದಸ್ಯರ ಮೂಲಕ ಸಮಯ ಗೊತ್ತುಮಾಡಿಸಿಕೊಳ್ಳಬೇಕು, ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಜೊತೆಗಿರಬೇಕು, ಕಾಲರ್ ಇರುವ ಅಂಗಿ ತೊಡಬೇಕು, ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್‌ಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು, ಇರಬಾರದು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಬೆಳಗಿನ ಜಾವ ಎದ್ದು ಕಾರು ಓಡಿಸಿಕೊಂಡು ಹೋಗಿ ನೇರವಾಗಿ ಆಟಕ್ಕೆ ನಿಂತರೆ ಬೆನ್ನು ಹಿಡಿದುಕೊಂಡಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಹೋಗಿ ಗೆಳೆಯನ ಮನೆಯಲ್ಲಿ ಉಳಿದೆ. ಇಷ್ಟು ಮಾಡಿದ್ದು ಒಳ್ಳೆಯದಾಯಿತು.

ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹೋದದ್ದು ಹುಲ್ಲಿನ ಕಡೆಗೆ. ಮಂಡಿಯೂರಿ ನೋಡಿದೆ. ಗಂಟು ಗಂಟಿಗೂ ಬೇರಿಳಿಸುತ್ತ ನೆಲಕ್ಕೆ ಅಂಟಿಕೊಂಡು ಹಬ್ಬುವ, ಗಣೇಶನಿಗೆ ಏರಿಸುವ ನಮ್ಮ ಗರಿಕೆಯ ಜಾತಿ ಅದು! ಹೊರಗಿನವರು ಬರ್ಮುಡಾ ಎಂದು ಕರೆಯುವುದು ಗರಿಕೆಯನ್ನೇ. ಗಾಲ್ಫ್ ಮೈದಾನಗಳಿಗೆಂದು ಅದನ್ನು ಆಫ್ರಿಕಾದ ಇನ್ನೊಂದು ಜಾತಿಯೊಡನೆ ಸಂಕರಗೊಳಿಸಿ, ಎಲೆ ಸಣ್ಣಗೆ ಒತ್ತಾಗಿ ಬರುವ ತಳಿಗಳನ್ನು ಜಾರ್ಜಿಯಾದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದರು. ಕುಳಿಯ ಕಡೆಗೆ ಸಾಗುವ ಹುಲ್ಲಿನ ಹಾದಿಯಾದ ಫೇರ್‌ವೇಯಲ್ಲಿ ಅದನ್ನು ಬೆರಳಿನ ದಪ್ಪಕ್ಕೆ ಕತ್ತರಿಸಿದ್ದರು. ಕುಳಿಯ ಸುತ್ತಲಿನ ನುಣುಪು ಹಾಸಾದ ಗ್ರೀನ್‌ನಲ್ಲಿ ನಾಲ್ಕೈದು ಮಿಲಿಮೀಟರ್ ಇದ್ದೀತು, ಅಂಗೈ ಆಡಿಸಿದರೆ ಜಮಖಾನೆಯ ಮೇಲೆ ಆಡಿಸಿದಂತಿತ್ತು. ನಮ್ಮ ಕಡೆಯ ರೈತರು ಇದೇ ಗರಿಕೆಯನ್ನು ಹೊಲದಿಂದ ಕಿತ್ತು ಕಿತ್ತು ಸೋತು ಹೋಗುತ್ತಾರೆ.

ನೀರಿನ ವಿಚಾರವನ್ನು ಕೇಳದೆ ಇರಲು ನನ್ನಿಂದ ಆಗಲಿಲ್ಲ. ನಮ್ಮ ಜಿಲ್ಲೆಯ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ತಾತ ಹೇಳುತ್ತಿದ್ದರು, ಅದು ಮತ್ತೆ ಕೋಡಿ ಬಿದ್ದದ್ದನ್ನು ನಾನು ನೋಡಿದ್ದು 2022ರಲ್ಲಿ. ಅಂಥ ಜಿಲ್ಲೆಯವನಿಗೆ ಆಟಕ್ಕಾಗಿ ಹುಲ್ಲಿಗೆ ನೀರು ಹರಿಸುವುದನ್ನು ಕಂಡರೆ ಮನಸ್ಸು ಮುದುಡುತ್ತದೆ. ಅಲ್ಲಿನ ಮೇಲ್ವಿಚಾರಕರು ಬಿಡುವು ಮಾಡಿಕೊಂಡು ಪಂಪ್‌ಹೌಸ್ ತೋರಿಸಿದರು. ಊರಿನ ಕೊಳಚೆಯನ್ನು ಶುದ್ಧೀಕರಿಸಿ ಕೊಳಕ್ಕೆ ತುಂಬಿಸಿಕೊಂಡು, ರಾತ್ರಿ ಹೊತ್ತು, ಒಂದೊಂದು ವಾಲ್ವಿನಡಿ ಕೆಲವೇ ಸ್ಪ್ರಿಂಕ್ಲರ್‌ಗಳು ತೆರೆಯುವಂತೆ ಸರದಿ ಹಾಕಿ ಬಿಡುತ್ತಾರೆ. ಕುಡಿಯುವ ನೀರಿನ ಒಂದು ಹನಿಯನ್ನೂ ಹುಲ್ಲಿಗೆ ಬಳಸುವುದಿಲ್ಲವೆಂದು ಅವರು ಹೇಳಿದ್ದು ನನಗೆ ಸಮಾಧಾನ ತಂದಿತು. ಇಂಥ ವ್ಯವಸ್ಥೆ ಇಲ್ಲದ ಮೈದಾನದಲ್ಲಿ ನಾನು ಆಡಲಾರೆ.

ಮೊದಲ ಕುಳಿ 345 ಗಜದ ಪಾರ್ 4, ಅಂದರೆ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ನನ್ನ ಲೆಕ್ಕದ ಪ್ರಕಾರ ಡ್ರೈವ್ ಆದ ಮೇಲೆ 135 ಗಜ ಉಳಿಯಬೇಕಿತ್ತು, ಅದು ನನ್ನ 7ನೇ ಐರನ್ನಿನ ದೂರ. ಐರನ್ ಎಂದರೆ ಲೋಹದ ಮೊಗದ ಕ್ಲಬ್, ಅದರ ಸಂಖ್ಯೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಹೊಡೆತ ನೆಟ್ಟಗೆ, ಚೆನ್ನಾಗಿಯೇ ಹೋಯಿತು. ಆದರೆ ಚೆಂಡು ಬಿದ್ದಲ್ಲೇ, ಯಾರೋ ಕೈಯಿಟ್ಟು ಹಿಡಿದಂತೆ ನಿಂತುಬಿಟ್ಟಿತು. ಹತ್ತಿರ ಹೋಗಿ ನೋಡಿದರೆ 168 ಗಜವಷ್ಟೇ ಆಗಿತ್ತು. ಉಳಿದ 177 ಗಜಕ್ಕೆ ಕ್ಲಬ್ ಬದಲಿಸಿ ಹೊಡೆದರೂ ಗ್ರೀನ್‌ಗೆ 25 ಗಜ ಹಿಂದೆಯೇ ಬಿತ್ತು, ಅಲ್ಲಿಂದ ಉರುಳಿಸಿದ್ದು ಅರ್ಧ ದಾರಿಯಲ್ಲಿ ಹುಲ್ಲಿಗೆ ಸಿಕ್ಕಿಕೊಂಡಿತು. ಎರಡನೆಯ ಕುಳಿಯಲ್ಲೂ ಹೀಗೆಯೇ ಆಯಿತು. ನನ್ನ ಚೀಲ ಹೊತ್ತಿದ್ದ ಕ್ಯಾಡಿ ಮಾಗಡಿ ಕಡೆಯವರು, ನಲವತ್ತರ ಆಸುಪಾಸಿನವರು. ಅಲ್ಲಿಯವರೆಗೆ ಸುಮ್ಮನಿದ್ದವರು ಮೂರನೆಯ ಕುಳಿಯ ಟೀಗೆ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ, ನಡೆಯುತ್ತ, 'ಸರ್, ನೀವು ಮುಂದೆ ಬೀಳಿಸಿ ಉರುಳಿಸೋಕೆ ನೋಡ್ತಿದ್ದೀರಿ. ಇಲ್ಲಿ ನೆಲ ಏನೂ ಕೊಡಲ್ಲ. ಎಷ್ಟು ದೂರ ಬೇಕೋ ಅಷ್ಟೂ ಗಾಳೀಲೇ ಹೋಗಬೇಕು' ಎಂದರು. 'ನಿಮ್ಮೂರಲ್ಲಿ ಗಟ್ಟಿ ನೆಲವಾ?' ಎಂದೂ ಕೇಳಿದರು. ಎರಡು ಕುಳಿಗಳ ಆಟವನ್ನು ನೋಡಿಯೇ ನನ್ನ ಹೊಲದ ಮಣ್ಣನ್ನು ಗುರುತಿಸಿದ್ದರು. ಅಲ್ಲಿಂದ ಮುಂದೆ ಪ್ರತಿ ಹೊಡೆತಕ್ಕೂ ಎರಡು ಮೆಟ್ಟಿಲು ಉದ್ದದ ಕ್ಲಬ್ ತೆಗೆದುಕೊಂಡೆ. 7ನೇ ಐರನ್ ಎನಿಸಿದಲ್ಲಿ 5ನೆಯದು. ದೂರದ ಬಗ್ಗೆ ಇದ್ದ ಹೆಮ್ಮೆಯನ್ನು ಬಿಡುವುದು ಆ ದಿನ ನನಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ.

ಮೆತ್ತನೆಯ ನೆಲದಿಂದ ಹೊಸ ನಿಯಮವೊಂದು ಅನುಭವಕ್ಕೆ ಬಂತು. ಮೂರನೆಯ ಕುಳಿಯಲ್ಲಿ ಎತ್ತರದಿಂದ ಇಳಿದ ಚೆಂಡು ತಾನೇ ಮಾಡಿದ ಗುಳಿಯಲ್ಲಿ ಅರ್ಧ ಹೂತುಹೋಗಿತ್ತು. ನಮ್ಮ ಹೊಲದಲ್ಲಿ ಚೆಂಡು ಹೂತುಹೋಗುವುದೆಂದರೆ ನಂಬುವ ಮಾತಲ್ಲ, ಹಾಗಾಗಿ ಇದ್ದಂತೆಯೇ ಆಡಬೇಕೆಂದು ನಾನು ಸಿದ್ಧನಾಗಿದ್ದೆ. ಆದರೆ ಫೇರ್‌ವೇಯಲ್ಲಿ, ಅದರ ಪಕ್ಕದ ಉದ್ದ ಹುಲ್ಲಿನ ರಫ್‌ನಲ್ಲಿ ಹೀಗೆ ಹೂತರೆ ದಂಡವಿಲ್ಲದೆ ಎತ್ತಿ, ಒರೆಸಿ, ಹೂತ ಜಾಗದ ಬೆನ್ನಿಗೇ ಒಂದು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮಂಡಿಯೆತ್ತರದಿಂದ ಬಿಡಬಹುದು. ಭುಜದೆತ್ತರದಿಂದ ಬಿಡುವ ಹಳೆಯ ಪದ್ಧತಿ 2019ರ ನಿಯಮಗಳೊಂದಿಗೆ ಹೋಯಿತು. ಕಳೆದ ಚೆಂಡನ್ನು ಹುಡುಕಲು ಮೊದಲಿದ್ದ 5 ನಿಮಿಷ 3 ನಿಮಿಷಕ್ಕೆ ಇಳಿದದ್ದೂ ಆಗಲೇ. ಮರಗಳ ಮೈದಾನದಲ್ಲಿ ಉದುರಿದೆಲೆಗಳ ನಡುವೆ ಹುಡುಕುವಾಗ ಆ 3 ನಿಮಿಷ ಎಷ್ಟು ಬೇಗ ಮುಗಿಯುತ್ತದೆ ಎಂದು ಹೇಳತೀರದು. ಆದ್ದರಿಂದ ಚೆಂಡು ಮರಗಳೊಳಗೆ ಹೋಯಿತೆಂದು ಸಂಶಯ ಬಂದ ಕೂಡಲೇ, ಮುಂದೆ ಹೊಡೆಯುವುದು ಪ್ರೊವಿಷನಲ್, ಅಂದರೆ ಮೊದಲನೆಯದು ಸಿಗದಿದ್ದರೆ ಆಡುವ ಚೆಂಡೆಂದು ಜೊತೆಯವರಿಗೆ ಕೇಳುವಂತೆ ಹೇಳಿ, ಅಲ್ಲಿಂದಲೇ ಇನ್ನೊಂದನ್ನು ಹೊಡೆದಿಟ್ಟುಕೊಳ್ಳಬೇಕು. ಚೆಂಡು ಸಿಕ್ಕ ಮೇಲೆ ಸುತ್ತಲಿನ ಎಲೆಗಳನ್ನು ಸರಿಸಬಹುದು, ಆದರೆ ಹಾಗೆ ಸರಿಸುವಾಗ ಚೆಂಡು ಅಲುಗಿದರೆ ಒಂದು ಹೊಡೆತ ದಂಡ. ನನ್ನ ದಾರಿಗೆ ಅಡ್ಡವೆಂದು ಕೊಂಬೆಯನ್ನು ಮುರಿಯುವುದಂತೂ ಕೂಡದು.

ನಾಲ್ಕನೆಯ ಕುಳಿಯನ್ನು ವಿವರವಾಗಿ ಹೇಳಲೇಬೇಕು. ಡ್ರೈವ್ ಬಲಕ್ಕೆ ವಾಲಿ ಒಂದು ದೊಡ್ಡ ಮಳೆಮರದ ಹಿಂದೆ ನಿಂತಿತ್ತು. ನನ್ನ ಮುಂದೆ ಮರದ ಕಾಂಡ, ಅದರ ಎಡಕ್ಕೆ ಸಿಲ್ವರ್ ಓಕ್‌ಗಳ ಸಾಲು, ಎರಡರ ನಡುವೆ ಒಂದು ಮಾರು ಅಗಲದ ಕಿಂಡಿ, ಆ ಕಿಂಡಿಯ ನೇರಕ್ಕೆ ಬಾವುಟ. ಬಲಗಡೆ ಮಾತ್ರ ಎತ್ತಿನ ಗಾಡಿ ಹೋಗುವಷ್ಟು ಬಯಲಿತ್ತು, ಅಲ್ಲಿಂದ ಫೇರ್‌ವೇಗೆ 30 ಗಜ. ಕ್ಯಾಡಿ ಮಾತಾಡದೆ, ಚೆಂಡನ್ನು ಎತ್ತರಕ್ಕೆ ಎತ್ತಿ ಸ್ವಲ್ಪ ದೂರ ಮಾತ್ರ ಕಳಿಸುವ ವೆಜ್ ಎಂಬ ಕ್ಲಬ್ ಮುಂದೆ ಹಿಡಿದರು. ನಾನು 4ನೇ ಐರನ್ ಕೇಳಿದೆ. ಚೆಂಡು ಕಾಂಡಕ್ಕೆ ಬಡಿದು ನನ್ನ ಹಿಂದೆ 15 ಗಜ ಹೋಗಿ ಬೇಲಿಯ ಬುಡದಲ್ಲಿ ಬಿತ್ತು. ಅಲ್ಲಿ ಕ್ಲಬ್ ಬೀಸಲು ಜಾಗವೇ ಇಲ್ಲ. ಆಡಲಾಗದ ಚೆಂಡೆಂದು ಒಪ್ಪಿಕೊಂಡು ಒಂದು ಹೊಡೆತದ ದಂಡ ತೆತ್ತು, ಎರಡು ಕ್ಲಬ್ ಉದ್ದದೊಳಗೆ ಬಿಟ್ಟುಕೊಂಡು, ಕೊನೆಗೆ ಕುಳಿ ಮುಗಿಸುವಾಗ 9 ಆಗಿತ್ತು. ನಾವು ಆಡುತ್ತಿದ್ದುದು ಪ್ರತಿ ಕುಳಿಗೂ ಅಂಕ ಕೊಡುವ, ಹೆಚ್ಚು ಅಂಕ ಬಂದಷ್ಟೂ ಒಳ್ಳೆಯದೆನ್ನುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ. ಅದರಲ್ಲಿ ಒಂದು ಕುಳಿ ಕೆಟ್ಟರೆ ಆ ಕುಳಿಯ ಅಂಕ ಹೋಗುತ್ತದೆಯೇ ಹೊರತು ಇಡೀ ದಿನದ ಆಟ ಮುಳುಗುವುದಿಲ್ಲ. ಮರಗಳ ಮೈದಾನಕ್ಕೆ ಹೊಸದಾಗಿ ಹೋಗುವವರಿಗೆ ಇದೇ ಸರಿಯಾದ ಪದ್ಧತಿ ಎಂಬುದು ನನ್ನ ಅಭಿಪ್ರಾಯ.

ಆ ಕಿಂಡಿಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಬಾವುಟದ ನೇರಕ್ಕೆ ಇದ್ದುದರಿಂದಲೇ ಅದು ನನ್ನ ಕಣ್ಣಿಗೆ ಬಿತ್ತು. ಬಾವುಟವಿಲ್ಲದಿದ್ದರೆ ಅದನ್ನು ದಾರಿ ಎಂದು ಯಾರೂ ಕರೆಯುತ್ತಿರಲಿಲ್ಲ. ಆಮೇಲೆ ಮರಗಳೊಳಗೆ ಹೋದಾಗಲೆಲ್ಲ ಮೊದಲು ಬಾವುಟಕ್ಕೆ ಬೆನ್ನು ತಿರುಗಿಸಿ ನಿಂತು, ಎಲ್ಲಕ್ಕಿಂತ ಅಗಲವಾದ ಬಯಲು ಯಾವ ಕಡೆಗಿದೆ ಎಂದು ನೋಡತೊಡಗಿದೆ. ಅದು ಪಕ್ಕಕ್ಕಿರಲಿ, ಹಿಂದಕ್ಕೇ ಇರಲಿ, ಚೆಂಡು ಹೋಗಬೇಕಾದದ್ದು ಅಲ್ಲಿಗೆ. ಆರು ಮತ್ತು ಎಂಟನೆಯ ಕುಳಿಗಳಲ್ಲಿ ಹೀಗೆ ಪಕ್ಕಕ್ಕೆ ಹೊಡೆದು ಬೋಗಿಯೊಂದಿಗೆ, ಅಂದರೆ ಪಾರ್‌ಗಿಂತ ಒಂದೇ ಹೊಡೆತ ಹೆಚ್ಚಿಗೆ, ಹೊರಬಂದೆ.

ಹನ್ನೊಂದನೆಯ ಕುಳಿಯಲ್ಲಿ ಮತ್ತೊಂದು ಮಳೆಮರದ ಕೆಳಗೆ ಸಿಕ್ಕಿಕೊಂಡೆ. ಆದರೆ ಈ ಬಾರಿ ಕಾಂಡ ಅಡ್ಡವಿರಲಿಲ್ಲ, ಫೇರ್‌ವೇ ಕಡೆಗೆ ಚಾಚಿಕೊಂಡ ಕೊಂಬೆಗಳು ನೆಲದಿಂದ ಎರಡಾಳೆತ್ತರದಲ್ಲಿ ಚಪ್ಪರ ಹಾಕಿದ್ದವು. ಕಾಲಡಿ ನೋಡಿದರೆ ಹುಲ್ಲೇ ಇಲ್ಲ. ಗರಿಕೆ ನೆರಳಿಗೆ ಬಾಳುವ ಹುಲ್ಲಲ್ಲ, ಬಿಸಿಲು ಬೀಳದಲ್ಲಿ ಸೊರಗಿ ಹೋಗುತ್ತದೆ. ಹೀಗಾಗಿ ಅಷ್ಟು ಹಸಿರಾದ ಮೈದಾನದಲ್ಲೂ ದೊಡ್ಡ ಮರಗಳ ಬುಡ ಬರಿಯ ಕೆಂಪು ಮಣ್ಣು, ಗಟ್ಟಿ ನೆಲ, ಅಲ್ಲಲ್ಲಿ ಹರಳು. ಅಲ್ಲಿ ನಿಂತಾಗ ಅಕ್ಕನ ಮನೆಯವರ ಹೊಲದ ಬದುವಿನ ಮೇಲೆ ನಿಂತಂತೆಯೇ ಆಯಿತು. ಕ್ಯಾಡಿ ಕೊಡುವ ಮೊದಲೇ 5ನೇ ಐರನ್ ತೆಗೆದುಕೊಂಡೆ. ಚೆಂಡನ್ನು ಬಲಗಾಲಿನ ನೇರಕ್ಕೆ ಇಟ್ಟುಕೊಂಡು, ಮೈಭಾರವನ್ನು ಎಡಗಾಲಿನ ಮೇಲೆ ಹಾಕಿ, ಹಿಡಿಯನ್ನು ಚೆಂಡಿಗಿಂತ ಒಂದು ಗೇಣು ಮುಂದಕ್ಕೆ ಒತ್ತಿ, ಕೈಗಳನ್ನು ಸೊಂಟದೆತ್ತರಕ್ಕೆ ಮಾತ್ರ ಎತ್ತಿ, ಹೊಡೆದ ಮೇಲೂ ಅಷ್ಟೇ ಎತ್ತರದಲ್ಲಿ ನಿಲ್ಲಿಸಿದೆ. ಪಡುವಣ ಗಾಳಿಗೆ ಎದುರಾಗಿ ಸಾವಿರಾರು ಬಾರಿ ಹೊಡೆದ ಹೊಡೆತ ಅದು. ಚೆಂಡು ಆಳೆತ್ತರಕ್ಕಿಂತ ಮೇಲೇಳದೆ ಕೊಂಬೆಗಳಡಿಯಲ್ಲಿ ನುಸುಳಿ, ಗಟ್ಟಿ ನೆಲದಲ್ಲಿ ಎರಡು ಸಲ ಪುಟಿದು, ಫೇರ್‌ವೇಯ ಹುಲ್ಲು ಸಿಕ್ಕಿದ ಮೇಲೆ ನಿಧಾನಿಸಿ ಗ್ರೀನ್‌ಗೆ 40 ಗಜ ಈಚೆ ನಿಂತಿತು. ಕ್ಯಾಡಿ ಸುಮ್ಮನೆ ಚೀಲ ಹೆಗಲಿಗೇರಿಸಿಕೊಂಡು ನಕ್ಕರು. ಬಯಲಿನ ಕಲಿಕೆ ಮರಗಳ ಮೈದಾನದಲ್ಲಿ ಉಪಯೋಗವಿಲ್ಲ ಎಂದುಕೊಂಡು ಬೆಳಗಿನಿಂದ ಕುಗ್ಗಿದ್ದ ನನ್ನ ಮನಸ್ಸು ಅಲ್ಲಿ ಅರಳಿತು. ಫೇರ್‌ವೇ ಮತ್ತು ಗ್ರೀನ್‌ಗಳ ಮೇಲೆ ಹೊಸದಾಗಿ ಕಲಿಯಬೇಕು, ಮರದ ನೆರಳಿನಲ್ಲಿ ಹಳೆಯದನ್ನು ನೆನಪಿಸಿಕೊಳ್ಳಬೇಕು.

ಗ್ರೀನ್‌ನ ಮೇಲೆ ನನಗೆ ಏನೂ ತಿಳಿದಿರಲಿಲ್ಲ ಎಂದೇ ಹೇಳಬೇಕು. ಇಳಿಜಾರನ್ನು ನೋಡಿ ಚೆಂಡು ಎಷ್ಟು ತಿರುಗುತ್ತದೆ ಎಂದು ಅಂದಾಜು ಮಾಡುತ್ತಿದ್ದೆನೇ ಹೊರತು, ಗರಿಕೆಯ ಎಲೆ ಮಲಗಿರುವ ದಿಕ್ಕೂ ಚೆಂಡನ್ನು ಎಳೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಕ್ಯಾಡಿ ತೋರಿಸಿಕೊಟ್ಟ ಉಪಾಯ ಹೀಗೆ: ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆದರೆ ಎಲೆ ನಮ್ಮಿಂದ ಆಚೆಗೆ ಮಲಗಿದೆ, ಚೆಂಡು ಬೇಗ ಓಡುತ್ತದೆ, ಕಪ್ಪಗೆ ಕಂಡರೆ ಎಲೆ ನಮ್ಮ ಕಡೆಗೆ ಮಲಗಿದೆ, ಜೋರಾಗಿ ತಳ್ಳಬೇಕು. ಸಂಶಯವಿದ್ದರೆ ಕುಳಿಯ ಅಂಚನ್ನು ನೋಡಬೇಕು. 108 ಮಿಲಿಮೀಟರ್ ಅಗಲದ ಆ ಕುಳಿಯ ಒಂದು ಬದಿ ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ, ಇನ್ನೊಂದು ಬದಿ ಹಿಸಿದಂತೆ, ಒಣಗಿದಂತೆ ಇರುತ್ತದೆ. ಹುಲ್ಲು ಬೆಳೆಯುತ್ತಿರುವುದು ಆ ಒಣಗಿದ ಬದಿಯ ಕಡೆಗೆ. ಹದಿಮೂರನೆಯ ಕುಳಿಯಲ್ಲಿ ಬಗ್ಗಿ ನೋಡಿದಾಗ ಇದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಇಷ್ಟು ವರ್ಷ ಗರಿಕೆಯ ನಡುವೆಯೇ ಓಡಾಡಿಕೊಂಡಿದ್ದ ನನಗೆ ಇದು ಹೇಗೆ ಹೊಳೆಯಲಿಲ್ಲ ಎನಿಸಿತು.

ಬಿದ್ದ ಚೆಂಡು ಗ್ರೀನ್‌ನಲ್ಲಿ ಮಾಡುವ ಗುಳಿಯನ್ನು ನಾವೇ ಸರಿಪಡಿಸಬೇಕು. ಬಹಳ ಮಂದಿ ಕವಲುಕಡ್ಡಿ ಚುಚ್ಚಿ ಗುಳಿಯ ತಳವನ್ನು ಮೇಲಕ್ಕೆ ಮೀಟುತ್ತಾರೆ. ಹಾಗೆ ಮಾಡಿದರೆ ಬೇರು ಹರಿದು ಅಲ್ಲಿ ಹುಲ್ಲು ಸಾಯುತ್ತದೆ. ಸುತ್ತಲಿನ ಅಂಚನ್ನು ಒಳಕ್ಕೆ ಒತ್ತಿ ಒತ್ತಿ ಮುಚ್ಚಿ, ಗ್ರೀನ್‌ನಲ್ಲಿ ಚೆಂಡು ಉರುಳಿಸುವ ಕ್ಲಬ್ಬಾದ ಪಟರ್‌ನ ತಳದಿಂದ ತಟ್ಟಿದರೆ ಹುಲ್ಲು ಬೇಗ ಕೂಡಿಕೊಳ್ಳುತ್ತದೆ. ಫೇರ್‌ವೇಯಲ್ಲಿ ಕ್ಲಬ್ ಕಿತ್ತ ಹೆಂಟೆಯ ಜಾಗಕ್ಕೆ ಕ್ಯಾಡಿಯ ಚೀಲದಲ್ಲಿರುವ ಮರಳನ್ನು ತುಂಬಿ ಕಾಲಿನಿಂದ ಸಮ ಮಾಡಬೇಕು, ಮರಳಿನ ಗುಂಡಿಯಾದ ಬಂಕರ್‌ನಿಂದ ಹೊರಬರುವಾಗ ಹೆಜ್ಜೆಗುರುತುಗಳನ್ನು ಕುಂಟೆಯಿಂದ ಎಳೆಯಬೇಕು. ಇವನ್ನೆಲ್ಲ ನಾನು ಶ್ರದ್ಧೆಯಿಂದ ಮಾಡಿದೆ. ಇನ್ನೊಬ್ಬರ ಹೊಲಕ್ಕೆ ಹೋದವರು ಬದುವನ್ನು ತುಳಿದು ಕೆಡಿಸದೆ ಬರುವುದು ನಮ್ಮಲ್ಲಿ ಹೇಳಿಕೊಡಬೇಕಾದ ಮಾತಲ್ಲ.

ಆಟ ಮುಗಿದಾಗ ಲೆಕ್ಕ ನೋಡಿದರೆ ಮೊದಲ 9 ಕುಳಿಗಳಲ್ಲಿ 9 ಅಂಕ, ಕೊನೆಯ 9ರಲ್ಲಿ 17. ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದ್ದರೆ 36 ಬರಬೇಕಿತ್ತು. ಗೆಳೆಯ ಕಾರ್ಡ್ ನೋಡಿ, 'ಎರಡನೇ ಅರ್ಧ ಆಡಿದವನು ನೀನೇನಾ?' ಎಂದ.

ಊರಿಗೆ ಬಂದ ವಾರವೇ ಟೇಪ್ ಹಿಡಿದು ಹೊಲಕ್ಕೆ ಹೋದೆ. ಈ ಬಾರಿ ಅಳೆದದ್ದು ಚೆಂಡು ಬಿದ್ದಲ್ಲಿ ಏಳುವ ಧೂಳಿನ ಗುರುತನ್ನು. 7ನೇ ಐರನ್ನಿಗೆ ಧೂಳೆದ್ದದ್ದು 112 ಗಜದಲ್ಲಿ, ಚೆಂಡು ನಿಂತದ್ದು 136ರಲ್ಲಿ. ಡ್ರೈವರ್‌ಗೆ 162 ಮತ್ತು 209. ಪ್ರತಿ ಕ್ಲಬ್‌ಗೂ ಹೀಗೆ ಎರಡೆರಡು ಅಂಕಿ ಬರೆದ ಚೀಟಿಯನ್ನು ಚೀಲದ ಜೇಬಿನಲ್ಲಿಟ್ಟಿದ್ದೇನೆ. ಎತ್ತರಕ್ಕೆ ಹೊಡೆದು ಮೆತ್ತಗೆ ಇಳಿಸುವ ಅಭ್ಯಾಸಕ್ಕೆ ಮೆತ್ತನೆಯ ನೆಲವೇ ಬೇಕು. ಆದ್ದರಿಂದ ಕೊಟ್ಟಿಗೆಯ ಹಿಂದೆ, ದನಗಳ ಮೈ ತೊಳೆದ ನೀರು ಹರಿದು ಹೋಗುವ ಕಡೆ, 20 ಅಡಿ ಅಗಲ 20 ಅಡಿ ಉದ್ದದ ಗರಿಕೆಯ ತುಂಡೊಂದನ್ನು ಬಿಟ್ಟುಕೊಡಿ ಎಂದು ಭಾವನವರನ್ನು ಕೇಳಿದೆ. 'ಮೂವತ್ತು ವರ್ಷದಿಂದ ಕೀಳ್ತಾ ಇದ್ದೀನಪ್ಪ ಇದನ್ನ' ಎಂದ ಅವರು ಸ್ವಲ್ಪ ಹೊತ್ತು ನಿಂತು ನೋಡಿ, ಕುಡುಗೋಲಿನಿಂದ ನಾಲ್ಕು ಮೂಲೆಗೂ ಗುರುತು ಮಾಡಿಕೊಟ್ಟರು. ನೀರು ಸಮನಾಗಿ ಹರಡಲೆಂದು ಅಂಗಡಿಯಲ್ಲಿ ಉಳಿದಿದ್ದ ಪೈಪ್‌ಗಳನ್ನು ಹಾಸಿದ್ದೇನೆ, ಹದಿನೈದು ದಿನಕ್ಕೊಮ್ಮೆ ಕೈಯಂತ್ರದಿಂದ ಹುಲ್ಲು ಕತ್ತರಿಸುತ್ತೇನೆ. 70 ಗಜದಿಂದ ಹೊಡೆದ 20 ಚೆಂಡುಗಳಲ್ಲಿ 7 ಈಗ ಆ ಗರಿಕೆಯ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತವೆ.